ಅಂತ್ಯ ಗೊತ್ತಿದ್ದರೇನಂತೆ?

ಲಘು ಪ್ರಣಯ ಕಾದಂಬರಿಗಳನ್ನೂ, ಹಳೆಯ ಕಿನ್ನರಿ ಕಥೆಯೊಂದನ್ನು ಹೊಸ ದೃಷ್ಟಿಯಿಂದ ಬೆಳೆಸಿ ಹೇಳುವ ಮರುಕಥನಗಳನ್ನೂ ವಿಮರ್ಶಿಸುವಾಗ ‘ಅಂತ್ಯವನ್ನು ಮೊದಲೇ ಊಹಿಸಬಹುದು’ ಎಂಬ ಆಕ್ಷೇಪ ಮತ್ತೆ ಮತ್ತೆ ಕೇಳಿಬರುತ್ತದೆಯಾದರೂ, ಈ ಪ್ರಕಾರದಲ್ಲಿ ಸುಖಾಂತವು ಲೇಖಕರು ಓದುಗರಿಗೆ ಮೊದಲೇ ಕೊಟ್ಟ ಮಾತಾಗಿರುವುದರಿಂದ ಅದನ್ನು ದೋಷವೆಂದು ಎಣಿಸುವುದು ನ್ಯಾಯವಲ್ಲ. ಅಮೆರಿಕದ ಗೇಲ್ ಕಾರ್ಸನ್ ಲೆವೀನ್ ಅವರ ‘ಎಲಾ ಎನ್‌ಚಾಂಟೆಡ್’ (1997) ಇದಕ್ಕೆ ಒಳ್ಳೆಯ ನಿದರ್ಶನ: ಫ್ರಾನ್ಸಿನ ಶಾರ್ಲ್ ಪೆರೋ 1697ರಲ್ಲಿ ಪ್ರಕಟಿಸಿದ ಸಿಂಡರೆಲಾ ಕಥೆಯಲ್ಲಿ ಸದ್ಗುಣವಾಗಿ ಕಾಣುವ ವಿಧೇಯತೆಯು, ಮುನ್ನೂರು ವರ್ಷಗಳ ನಂತರದ ಈ ಕಾದಂಬರಿಯಲ್ಲಿ, ಯಾರು ಏನನ್ನು ಆಜ್ಞಾಪಿಸಿದರೂ ಮಾಡಲೇಬೇಕಾದ ಶಾಪವಾಗಿ ಬದಲಾಗುತ್ತದೆ, ರಾಜಕುಮಾರನ ಹಿತಕ್ಕಾಗಿಯೇ ಅವನನ್ನು ವರಿಸಲು ನಿರಾಕರಿಸುವ ನಾಯಕಿ ಎಲಾಳ ಸ್ವಂತ ಸಂಕಲ್ಪದಿಂದ ಆ ಶಾಪ ಕಳಚುತ್ತದೆ. ಮದುವೆಯೇನೋ ಕೊನೆಗೆ ನಡೆದೇ ನಡೆಯುತ್ತದೆ, ಆದರೆ ಆ ಹೊತ್ತಿಗೆ ಅದು ಅವಳ ಆಯ್ಕೆಯಾಗಿರುತ್ತದೆ. ಆದ್ದರಿಂದ ಇಂಥ ಕೃತಿಗಳ ವಿಮರ್ಶೆಯು, ಗೊತ್ತಿರುವ ಆ ಅಂತ್ಯವನ್ನು ತಲುಪುವಷ್ಟರಲ್ಲಿ ನಾಯಕಿ ಏನನ್ನು ಗಳಿಸಿಕೊಂಡಳು ಎಂಬ ಪ್ರಶ್ನೆಯನ್ನೇ ಮೊದಲು ಕೇಳಬೇಕು. ಈ ಪುಸ್ತಕಗಳನ್ನು ಪ್ರೀತಿಯಿಂದ ಓದುವವರ ಅನುಭವವೂ ಇದೇ ಅಲ್ಲವೇ?