ನನ್ನ ಕಾರಿನ ಬ್ರೇಕು

ಕಳೆದ ಬೇಸಗೆಯ ರಜೆಯಲ್ಲಿ, ನಮ್ಮ ಶಾಲೆಯ ಇಳಿಜಾರಿನಲ್ಲಿ, ನನ್ನ ಕಾರಿನ ಮುಂದಿನ ಗಾಲಿಗಳಿಂದ ಕರ್ಕಶವಾದ ಸದ್ದು ಕೇಳಿಬಂತು. ಬ್ರೇಕಿನ ಪ್ಯಾಡುಗಳು ಸವೆದಿದ್ದವು. ಇವನ್ನು ನಾನೇ ಬದಲಿಸುವೆನೆಂದು ನಿಶ್ಚಯಿಸಿದೆನು.

ಕಾರನ್ನು ಸಮನೆಲದಲ್ಲಿ ನಿಲ್ಲಿಸಿ, ಹಿಂದಿನ ಗಾಲಿಗಳಿಗೆ ಕಲ್ಲನ್ನು ಅಡ್ಡಕೊಟ್ಟು, ಜ್ಯಾಕನ್ನು ಮಾತ್ರವೇ ನಂಬತಕ್ಕದ್ದಲ್ಲವಾದ ಕಾರಣ ಸ್ಟ್ಯಾಂಡನ್ನೂ ಇಟ್ಟೆನು. ಚಕ್ರವನ್ನು ಕಳಚಿ, ಕ್ಯಾಲಿಪರಿನ ಕೆಳಗಿನ ಬೋಲ್ಟನ್ನು ಬಿಚ್ಚಿ ಅದನ್ನು ಮೇಲಕ್ಕೆತ್ತಿದಾಗ ಹಳೆಯ ಪ್ಯಾಡುಗಳು ಕೈಗೆ ಬಂದವು. 2 ಮಿಲಿಮೀಟರಿನಷ್ಟು ಸಹ ಉಳಿದಿರಲಿಲ್ಲ. ಹೊಸವು ದಪ್ಪವಾಗಿರುವದರಿಂದ ಪಿಸ್ಟನ್ನನ್ನು ಕ್ಲ್ಯಾಂಪಿನಿಂದ ಮೆಲ್ಲಮೆಲ್ಲನೆ ಒಳಕ್ಕೆ ಒತ್ತಬೇಕಾಯಿತು. (ಆಗ ಬ್ರೇಕಿನ ದ್ರವವು ಮೇಲಿನ ಡಬ್ಬಿಯಲ್ಲಿ ಏರುವದು, ಚೆಲ್ಲಿದರೆ ಕಾರಿನ ಬಣ್ಣಕ್ಕೆ ಕೇಡು.)

ಎರಡು ಗಾಲಿಗಳೂ ಮುಗಿದಾಗ ನನಗುಂಟಾದ ಹೆಮ್ಮೆಯು ಸ್ವಲ್ಪವಲ್ಲ. ಅದೇ ಹೆಮ್ಮೆಯಿಂದ ಕಾರನ್ನು ಹಿಂದಕ್ಕೆ ನಡಿಸಿ ಬ್ರೇಕನ್ನು ಮೆಟ್ಟಿದೆನು. ಪೆಡಲು ತಡೆಯಿಲ್ಲದೆ ನೆಲಕ್ಕಿಳಿಯಿತು! ಕೈಬ್ರೇಕನ್ನು ಎಳೆದುದರಿಂದ ಕಾರು ದಾಸವಾಳದ ಬೇಲಿಗೆ ತಗಲಿ ನಿಂತಿತು.

ಒಳಕ್ಕೆ ಸರಿದ ಪಿಸ್ಟನ್ನು ತಿರಿಗಿ ಪ್ಯಾಡನ್ನು ಮುಟ್ಟುವ ವರೆಗೆ, ಕಾರು ನಿಂತಿರುವಾಗಲೇ ಪೆಡಲನ್ನು ಹಲವು ಸಾರಿ ಒತ್ತತಕ್ಕದ್ದೆಂದು ಕೈಪಿಡಿಯ ಕಡೆಯ ಸಾಲಿನಲ್ಲಿತ್ತು. ಪ್ರಶ್ನೆಪತ್ರಿಕೆಯನ್ನು ಪೂರ್ತಿ ಓದಿರೆಂದು ನಿಮ್ಮನ್ನು ಗದರಿಸುತ್ತಿದ್ದ ನಾನೇ ಅದನ್ನು ಓದದೆ ಬಿಟ್ಟಿದ್ದೆನು.

ಬೇಲಿಯ ಆಚೆ ತೋಟಗಾರನ ಮಗುವು ಕುಳಿತು ಆಡುತ್ತಿತ್ತು.