ಟೀಪಾಯಿಯ ಮೇಲಿನ ಆನೆ

ನಮ್ಮ ಮನೆಯ ಟೀಪಾಯಿಯ ಮೇಲೆ ಒಂದು ಆನೆಯಿದೆ. ಬೀಟೆಯ ಕಪ್ಪು ಹಲಗೆ, ಆನೆಯ ಬೆನ್ನಿಗೆ ಅಂಬಾರಿ, ಕಾಲಡಿಗೆ ಹಲಸಿನ ಮರದ ಹಳದಿ ನೆಲ. ನಲವತ್ತು ವರ್ಷದಿಂದ ಆ ಆನೆಯ ಮೇಲೆ ಕಾಫಿ ಲೋಟ ಇಟ್ಟಿದ್ದೇವೆ, ಲಗ್ನಪತ್ರಿಕೆಗಳಿಗೆ ಅರಿಶಿನ ಹಚ್ಚಿದ್ದೇವೆ, ಮಕ್ಕಳು ಕೂತು ಮಗ್ಗಿ ಬರೆದಿದ್ದಾರೆ.

ಅದನ್ನು ಮಾಡಿಸಲು 1984ರಲ್ಲಿ ಅಪ್ಪ ನನ್ನನ್ನು ಮೈಸೂರಿನ ಮಂಡಿ ಮೊಹಲ್ಲಾಕ್ಕೆ ಕರೆದುಕೊಂಡು ಹೋಗಿದ್ದರು. ನನಗಾಗ ಹತ್ತು ವರ್ಷ. ಓಣಿಗೆ ತಿರುಗುತ್ತಿದ್ದಂತೆ ಗರಗಸದ ಸದ್ದು, ಮರದ ಹುಡಿಯ ಘಾಟು. ಮೇಸ್ತ್ರಿ ನೆಲದ ಮೇಲೆ ಚಾಪೆ ಹಾಸಿ ಕೂತಿದ್ದರು. ಕಾಗದದ ಮೇಲೆ ಬರೆದ ಆನೆಯನ್ನು ತುಂಡು ತುಂಡಾಗಿ ಕತ್ತರಿಸಿ, ಕಿವಿಗೆ ಒಂದು ಮರ, ಜೂಲಿಗೆ ಇನ್ನೊಂದು ಮರ ಎಂದು ತೆಳು ಹಲಗೆಗಳ ಮೇಲೆ ಅಂಟಿಸುತ್ತಿದ್ದರು. ಸೊಂಡಿಲಿನ ಚೂರನ್ನಂತೂ ಬೆಳಕಿಗೆ ಹಿಡಿದು ಎಷ್ಟು ಸಲ ತಿರುಗಿಸಿದರೋ. ಮರದ ಎಳೆ ಅಡ್ಡ ಬಂದರೆ ಸೊಂಡಿಲಿನ ಸುಕ್ಕು ಕಾಣುತ್ತದೆ, ಉದ್ದ ಬಂದರೆ ಕಾಣುವುದಿಲ್ಲ. ನೂಲಿನಷ್ಟು ಸಣ್ಣ ಬ್ಲೇಡಿನ ಗರಗಸದಿಂದ ಗೆರೆಯ ಮೇಲೇ ಕೊಯ್ದು, ಬೀಟೆ ಹಲಗೆಯಲ್ಲಿ ಅದೇ ಆಕಾರಕ್ಕೆ ಉಳಿಯಿಂದ ಗುಂಡಿ ತೋಡಿ ಕೂರಿಸುತ್ತಿದ್ದರು. “ಬಣ್ಣ ಹಚ್ಚೋ ಕೆಲಸ ಅಲ್ಲ ಸ್ವಾಮಿ ಇದು. ಇರೋದೆಲ್ಲ ಮರದ್ದೇ ಬಣ್ಣ” ಎಂದರು.

ಮರ ಕೊಡದ ಬಣ್ಣ ಅಂದರೆ ಬಿಳಿ. ಅದಕ್ಕೆ ತಲೆಮಾರುಗಳಿಂದ ದಂತವೇ ಗತಿ. 1912ರಲ್ಲಿ ಮುಗಿದ ಅಂಬಾವಿಲಾಸ ಅರಮನೆಯ ಬೀಟೆ ಬಾಗಿಲುಗಳನ್ನು ನೋಡಿದವರಿಗೆ ಆ ಬಿಳಿಯ ಹೊಳಪು ಗೊತ್ತು. “ಕೋರೆಗೆ ದಂತ ಹಾಕಲಾ?” ಎಂದು ಮೇಸ್ತ್ರಿ ಕೇಳಿದಾಗ ಅಪ್ಪ, “ಬೇಡಿ ಮೇಸ್ತ್ರಿಗಳೇ. ಆನೆ ಚಿತ್ರಕ್ಕೆ ಆನೆ ಯಾಕೆ ಸಾಯಬೇಕು, ಮರವೇ ಹಾಕಿ” ಎಂದರು. ಮೇಸ್ತ್ರಿಗೆ ಸಮಾಧಾನವಾಗಲಿಲ್ಲ. “ಮರದ ಬಿಳಿ ನಿಲ್ಲಲ್ಲ ಸ್ವಾಮಿ, ಹಳದಿಗೆ ತಿರುಗುತ್ತೆ” ಎನ್ನುತ್ತಲೇ ಹಾಲೆ ಮರದ ಚೂರೊಂದನ್ನು ಹುಡುಕಿ ತೆಗೆದರು. ಚನ್ನಪಟ್ಟಣದ ಬೊಂಬೆಗೆ ಬಳಸುತ್ತಾರಲ್ಲ, ಅದೇ ಮರ.

ಎರಡೇ ವರ್ಷಕ್ಕೆ, 1986ರಲ್ಲಿ, ವನ್ಯಜೀವಿ ಕಾಯ್ದೆಗೆ ತಿದ್ದುಪಡಿ ಬಂದು ನಮ್ಮ ದೇಶದ ಆನೆಯ ದಂತದ ವ್ಯಾಪಾರ ನಿಂತಿತು. 1991ರಲ್ಲಿ ಆಫ್ರಿಕಾದ ದಂತಕ್ಕೂ ಅದೇ ಆಯಿತು. ಆಗಲೇಬೇಕಿತ್ತು. ದಂತವಿದ್ದ ಜಾಗಕ್ಕೆ ಪ್ಲಾಸ್ಟಿಕ್ ಬಂತು. ಅದು ಬಿಳಿಯೇನೋ ಹೌದು, ಆದರೆ ಮರದ ಜೊತೆ ಹಳತಾಗುವುದಿಲ್ಲ. ಇಪ್ಪತ್ತು ವರ್ಷ ಕಳೆದರೂ ನಿನ್ನೆ ಅಂಟಿಸಿದಂತೆಯೇ ಕಾಣುತ್ತದೆ.

ಹೋದ ವರ್ಷ ಅದೇ ಓಣಿಗೆ ಹೋಗಿದ್ದೆ. ಮೇಸ್ತ್ರಿ ತೀರಿಕೊಂಡಿದ್ದಾರೆ, ಮಗ ಕೆಲಸ ಮುಂದುವರಿಸಿದ್ದಾರೆ. ಗೋಡೆಯ ತುಂಬ ಚಿತ್ರಗಳು: ದಸರಾ ಮೆರವಣಿಗೆ, ಹಳ್ಳಿಯ ಸಂತೆ, ಕೃಷ್ಣ-ರಾಧೆ. ಟೀಪಾಯಿ ಒಂದೂ ಇಲ್ಲ. “ಯಾರೂ ಕೇಳಲ್ಲ ಸಾರ್” ಎಂದರು. ಸೋಫಾ ಸೆಟ್ಟಿನ ಜೊತೆಗೆ ಗಾಜಿನ ಟೀಪಾಯಿ ಬರುತ್ತದೆ, ಬೀಟೆಯ ಬೆಲೆ ಕೈಗೆಟುಕುವುದಿಲ್ಲ. ಕಾಡಿನ ಪ್ರಾಣಿ-ಸಸ್ಯಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಪಟ್ಟಿಗೆ 2017ರಲ್ಲಿ ಬೀಟೆಯೂ ಸೇರಿದ ಮೇಲೆ ಹೊರದೇಶಕ್ಕೆ ಕಳಿಸುವವರಿಗೆ ಕಾಗದಪತ್ರದ ಕೆಲಸ ಹೆಚ್ಚಿತು. ಒಂದು ಟೀಪಾಯಿಗೆ ಬೇಕಾಗುವ ಮರದಲ್ಲಿ ಗೋಡೆಯ ಚಿತ್ರಗಳು ಎಷ್ಟೋ ಆಗುತ್ತವೆ. ಹೊಟ್ಟೆಪಾಡಿನ ಲೆಕ್ಕದಲ್ಲಿ ಅವರು ಮಾಡುತ್ತಿರುವುದು ತಪ್ಪಲ್ಲ.

ಆದರೂ ನನಗೆ ಸಂಕಟವಾಯಿತು. ಗೋಡೆಗೆ ನೇತುಹಾಕಿದ ಚಿತ್ರವನ್ನು ಹದಿನೈದು ದಿನ ನೋಡುತ್ತೇವೆ, ಆಮೇಲೆ ಕಣ್ಣಿಗೇ ಬೀಳುವುದಿಲ್ಲ. ಟೀಪಾಯಿ ಹಾಗಲ್ಲ. ದಿನಾ ಒರೆಸಬೇಕು. ಒರೆಸುವಾಗ ಬೆರಳು ಅಂಬಾರಿಯ ಅಂಚಿನ ಮೇಲೆ ಹಾಯುತ್ತದೆ, ಎರಡು ಮರ ಸೇರಿದ ಜಾಗ ಕೈಗೆ ಸಿಗುತ್ತದೋ ಎಂದು ಹುಡುಕುತ್ತದೆ. ನಮ್ಮದರಲ್ಲಿ ಇವತ್ತಿಗೂ ಸಿಗುವುದಿಲ್ಲ. ಅಮ್ಮ ಒಂದು ಸಲ ಒಲೆಯಿಂದ ಇಳಿಸಿದ ಪಾತ್ರೆಯನ್ನೇ ತಂದಿಟ್ಟು, ಬಾಲದ ಹತ್ತಿರ ಪಾಲಿಶ್ ಬಿಳುಚಿಕೊಂಡಿದೆ. ಅದನ್ನು ಸರಿಮಾಡಿಸಬೇಕೆಂದು ನನಗೆ ಯಾವತ್ತೂ ಅನ್ನಿಸಿಲ್ಲ.

ಮೇಸ್ತ್ರಿಯ ಮಗನಿಗೆ ಫೋನಿನಲ್ಲಿ ನಮ್ಮ ಟೀಪಾಯಿಯ ಫೋಟೋ ತೋರಿಸಿದೆ. ಎರಡು ಬೆರಳಲ್ಲಿ ದೊಡ್ಡದು ಮಾಡಿ ಕೋರೆಯನ್ನೇ ನೋಡುತ್ತಾ ನಿಂತರು. ಅವರ ತಂದೆ ಹೇಳಿದ್ದು ನಿಜವಾಗಿತ್ತು, ಹಾಲೆ ಮರ ಹಳದಿಗೆ ತಿರುಗಿತ್ತು.

“ದಂತಾನಾ ಸಾರ್?” ಎಂದು ತಗ್ಗಿದ ದನಿಯಲ್ಲಿ ಕೇಳಿದರು.