ಇತಿಹಾಸವೋ, ಸಂಖ್ಯಾಶಾಸ್ತ್ರವೋ?

ಮೇ ತಿಂಗಳು ಬಂತೆಂದರೆ ರೋಣದ ನಮ್ಮ ಮನೆಯ ಕಟ್ಟೆಗೆ ಬಿಡುವಿರುವುದಿಲ್ಲ. ಎಸ್.ಎಸ್.ಎಲ್.ಸಿ. ಫಲಿತಾಂಶ ಹೊರಬಿದ್ದ ಮಾರನೆಯ ದಿನದಿಂದಲೇ ಅಂಕಪಟ್ಟಿಯ ನಕಲು ಹಿಡಿದುಕೊಂಡು ತಂದೆ-ತಾಯಂದಿರು ಬರತೊಡಗುತ್ತಾರೆ. ನಾನು ನರಗುಂದ, ಗಜೇಂದ್ರಗಡ, ರೋಣ ಈ ಮೂರೂ ಊರುಗಳ ಪ್ರೌಢಶಾಲೆಗಳಲ್ಲಿ ಗಣಿತ ಕಲಿಸಿ 2019ರಲ್ಲಿ ನಿವೃತ್ತನಾದವನು. ನಿವೃತ್ತ ಮಾಸ್ತರನಿಗೆ ಸಮಯ ಬೇಕಾದಷ್ಟಿರುತ್ತದೆ, ಅವನಿಗೆ ಎಲ್ಲವೂ ತಿಳಿದಿರುತ್ತದೆ ಎಂಬುದು ಈ ಭಾಗದ ಜನರ ಗಟ್ಟಿ ನಂಬಿಕೆ. ಮೊದಲನೆಯದು ಅರ್ಧ ನಿಜ. ಎರಡನೆಯದರ ಬಗ್ಗೆಯೇ ಇಂದು ನಾಲ್ಕು ಮಾತು ಬರೆಯಬೇಕೆನಿಸಿದೆ.

ಹಿಂದೆ ಬರುತ್ತಿದ್ದವರ ಪ್ರಶ್ನೆ ಒಂದೇ ಇರುತ್ತಿತ್ತು: ವಿಜ್ಞಾನವೋ, ಕಲೆಯೋ? ವಾಣಿಜ್ಯ ವಿಭಾಗ ಆಗ ಮಲಮಗನಂತಿತ್ತು. ಈಗ ಹಾಗಿಲ್ಲ. ಹತ್ತಿ, ಈರುಳ್ಳಿ, ಕಡಲೆ, ಹೆಸರು ಬೆಳೆಯುವ ರೈತನೂ, ಮಗ್ಗದ ಕುಳಿಯಲ್ಲಿ ಕೂತ ನೇಕಾರನೂ "ನಮ್ಮ ಹುಡುಗ ಎಂ.ಬಿ.ಎ. ಮಾಡ್ತೇನಂತಾನ್ರೀ ಸರ್ರ, ಪಿ.ಯು.ಸಿ.ಗೆ ಯಾವ ಕಾಂಬಿನೇಷನ್ ತಗೋಬೇಕ್ರಿ?" ಎಂದು ಕೇಳುತ್ತಾರೆ.

ಕಾಂಬಿನೇಷನ್ ಎಂದರೆ ಸಂಗತಿ ಇಷ್ಟೇ. ನಮ್ಮ ರಾಜ್ಯದ ಪಿ.ಯು.ಸಿ.ಯಲ್ಲಿ ಎರಡು ಭಾಷೆ, ನಾಲ್ಕು ಐಚ್ಛಿಕ ವಿಷಯ, ಒಟ್ಟು 600 ಅಂಕ. ವಾಣಿಜ್ಯದವರಿಗೆ ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರ ಈ ಮೂರು ಹೆಚ್ಚುಕಡಿಮೆ ಎಲ್ಲೆಡೆ ಇದ್ದೇ ಇರುತ್ತವೆ. ನಾಲ್ಕನೆಯ ಕುರ್ಚಿಯಲ್ಲಿ ಯಾರನ್ನು ಕೂಡಿಸಬೇಕು ಎಂಬುದೇ ಪ್ರಶ್ನೆ. ಇತಿಹಾಸ ಕೂತರೆ ಹೆಬಾ, ಸಂಖ್ಯಾಶಾಸ್ತ್ರ ಕೂತರೆ ಸೆಬಾ, ಕಂಪ್ಯೂಟರ್ ವಿಜ್ಞಾನ ಕೂತರೆ ಸೆಬಾದ ಇನ್ನೊಬ್ಬ ತಮ್ಮ! ಬೇಸಿಕ್ ಮ್ಯಾಥ್ಸ್ ಎಂಬ ಮೂಲ ಗಣಿತವೂ ಕೆಲವು ಕಾಲೇಜುಗಳಲ್ಲಿ ಉಂಟು. ಹದಿನಾರರ ಹುಡುಗ ಒಂದು ಚೌಕಟ್ಟಿನಲ್ಲಿ ಹಾಕುವ ಗುರುತು. ಆದರೆ ಅದರ ಪರಿಣಾಮ ಆರೇಳು ವರ್ಷಗಳ ನಂತರ ತಿಳಿಯುತ್ತದೆ. ನನಗೆ ತಿಳಿದದ್ದೂ ಹಾಗೆಯೇ.

1998ರ ಮಾತು. ಗದಗ ಪ್ರತ್ಯೇಕ ಜಿಲ್ಲೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ನಾನಾಗ ನರಗುಂದದಲ್ಲಿದ್ದೆ. ಅಡತಿ ಅಂಗಡಿಯ ಗುಮಾಸ್ತರೊಬ್ಬರ ಮಗ ನನ್ನ ತರಗತಿಯಲ್ಲಿದ್ದ. ಓದಿನಲ್ಲಿ ಚುರುಕು, ಮಾತಿನಲ್ಲಿ ಇನ್ನೂ ಚುರುಕು. ಗಣಿತದಲ್ಲಿ ಮಾತ್ರ ನಡುಮಟ್ಟ. ರಜೆಯಲ್ಲಿ ತಂದೆಯ ಪಕ್ಕ ಕೂತು ಕಿರ್ದಿ ಬರೆಯುತ್ತಿದ್ದ, ಖತಾವಣಿಗೆ ಏರಿಸುತ್ತಿದ್ದ. ದೊಡ್ಡ ಕಂಪನಿಯೊಂದರ ಮ್ಯಾನೇಜರ್ ಆಗಬೇಕೆಂಬುದು ಅವನ ಆಸೆ. ಇತಿಹಾಸವೋ ಸಂಖ್ಯಾಶಾಸ್ತ್ರವೋ ಎಂದು ಕೇಳಲು ತಂದೆಯೊಡನೆ ಬಂದ. ನಾನು ಹೆಚ್ಚು ಹೊತ್ತು ಯೋಚಿಸಲಿಲ್ಲ. "ಇತಿಹಾಸ ತಗೋ. ಓದಿದರೆ ಬರುತ್ತದೆ, ಶೇಕಡಾವಾರು ಏರುತ್ತದೆ. ಮುಂದೆ ಲೆಕ್ಕದ ಗೊಡವೆ ನಿನಗೇಕೆ?" ಎಂದೆ. ಹೇಳಿದವನು ಗಣಿತದ ಮಾಸ್ತರ! ತನ್ನ ಅಂಗಡಿಯ ಸರಕನ್ನು ತಾನೇ ಬೇಡವೆಂದ ವ್ಯಾಪಾರಿಯನ್ನು ನೀವು ಕಂಡಿದ್ದೀರಾ?

ಅವನು ಪಿ.ಯು.ಸಿ. ಪ್ರಥಮ ದರ್ಜೆಯಲ್ಲಿ ಮುಗಿಸಿದ, ಬಿ.ಕಾಂ. ಕೂಡ ಮುಗಿಸಿದ. ಬಿ.ಕಾಂ.ನಲ್ಲಿ ವ್ಯವಹಾರ ಸಂಖ್ಯಾಶಾಸ್ತ್ರದ ಪತ್ರಿಕೆ ಎದುರಾದಾಗ ಒಮ್ಮೆ ಎಡವಿದ್ದನಂತೆ. ನನಗೆ ಆಗ ತಿಳಿಯಲಿಲ್ಲ. ಎಂ.ಬಿ.ಎ. ಪ್ರವೇಶ ಪರೀಕ್ಷೆಯನ್ನು ಎರಡು ಸಲ ಬರೆದ. ಎರಡು ಸಲವೂ ಕೈಕೊಟ್ಟದ್ದು ಒಂದೇ ಭಾಗ.

2004ರಲ್ಲಿ ನರಗುಂದದ ಬಸ್ ನಿಲ್ದಾಣದಲ್ಲಿ ಸಿಕ್ಕ. ಗೊಬ್ಬರದ ಅಂಗಡಿ ಇಟ್ಟಿರುವುದಾಗಿ ಹೇಳಿ ಚಹಾ ಕುಡಿಸಿದ. ಪರೀಕ್ಷೆಯ ಸುದ್ದಿ ನಾನೇ ಕೇಳಿದೆ. "ಶೇಕಡಾವಾರು, ಅನುಪಾತ, ಸರಾಸರಿ ಎಲ್ಲಾ ನೀವು ಕಲಿಸಿದ್ದೇ ಸರ್. ಆದರೆ ಐದು ವರ್ಷ ಕೈಬಿಟ್ಟದ್ದು ಗಡಿಯಾರ ಇಟ್ಟುಕೊಂಡು ಮಾಡುವಾಗ ಬರಲಿಲ್ಲ" ಎಂದ. ಅದರಲ್ಲಿ ದೂರು ಇರಲಿಲ್ಲ. ದೂರು ಇದ್ದಿದ್ದರೆ ನನಗೆ ಒಂದು ಉತ್ತರವಾದರೂ ಹೊಳೆಯುತ್ತಿತ್ತು. ಚಹಾದ ದುಡ್ಡನ್ನೂ ಅವನೇ ಕೊಟ್ಟ.

ಅಂದಿನಿಂದ ನಾನು ಸಲಹೆ ಕೊಡುವುದನ್ನೇ ಬಹಳ ಕಾಲ ನಿಲ್ಲಿಸಿಬಿಟ್ಟಿದ್ದೆ. ಇತಿಹಾಸದ ಮಾಸ್ತರ ಮಿತ್ರರು ಇದನ್ನು ಓದಿ ಮುನಿಸಿಕೊಳ್ಳಬಾರದು. 1858ರ ಬಾಬಾಸಾಹೇಬರ ಬಂಡಾಯವನ್ನೂ, 1980ರ ಜುಲೈ 21ರ ರೈತ ಬಂಡಾಯವನ್ನೂ ಕಂಡ ನರಗುಂದದ ಮಣ್ಣಿನಲ್ಲಿ ನಿಂತು ಇತಿಹಾಸ ಬೇಡವೆನ್ನುವಷ್ಟು ಮೂಢ ನಾನಲ್ಲ. ತಪ್ಪು ವಿಷಯದ್ದಲ್ಲ, ಹುಡುಗ ಹೋಗಬೇಕಾದ ಊರಿನ ದಾರಿ ಕೇಳದೆ ಹತ್ತಿರ ನಿಂತ ಬಸ್ಸು ಹತ್ತಿಸಿದ್ದು ತಪ್ಪು.

ಹದಿನೆಂಟು ವರ್ಷಗಳ ನಂತರ, 2022ರ ಮೇ ಕೊನೆಯಲ್ಲಿ, ಗಜೇಂದ್ರಗಡದಿಂದ ನೇಕಾರರೊಬ್ಬರು ಮಗಳನ್ನು ಕರೆದುಕೊಂಡು ಬಂದರು. ಪಟ್ಟೇದ ಅಂಚಿನ ಸೀರೆಗೆ ಹೆಸರಾದ ಊರು ಅದು. ಇವರದು ಮನೆಯಲ್ಲೇ ಎರಡು ಮಗ್ಗ. ಹುರಿ ಕೊಟ್ಟು ಸೀರೆ ಒಯ್ಯುವ ಸಾಹುಕಾರರಿಗೆ ಕೂಲಿ ನೇಯ್ಗೆ. ಹುಡುಗಿಗೆ ಒಳ್ಳೆಯ ಅಂಕಗಳಿದ್ದವು, ಗಣಿತದಲ್ಲಿ ಮಾತ್ರ 71. ಏನು ಓದುವೆ ಎಂದರೆ, "ಬಿಸಿನೆಸ್ ಓದಬೇಕ್ರಿ. ಒಂದು ಸೀರೆ ಅಂಗಡಿಯೊಳಗ ಎಷ್ಟಕ್ಕ ಮಾರ್ತಾರ, ನಮ್ಮಪ್ಪಗ ಎಷ್ಟು ಬರತೈತಿ, ನಡುವ ಇರೋದು ಎಲ್ಲಿ ಹೋಗತೈತಿ ಅನ್ನೋದು ತಿಳಿಬೇಕಾಗೇತ್ರಿ" ಎಂದಳು. ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಈ ಪ್ರಶ್ನೆ ಕೇಳಿದ್ದೇನೆ. ಇಂಥ ಉತ್ತರ ಬಂದದ್ದು ಅದೊಂದೇ ಸಲ.

ಅಂದು ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ಹರಿದು, ಹಿಂಬದಿಯಲ್ಲಿ ಕೊನೆಯಿಂದ ಮೊದಲಿಗೆ ಬರೆಯುತ್ತ ಬಂದೆವು. ಮೇಲ್ಗಡೆ ಎಂ.ಬಿ.ಎ. ಎಂದು ಬರೆದೆ. ಅದಕ್ಕೆ ಸೇರಲು ಯಾವುದೇ ವಿಷಯದ ಪದವಿ ಸಾಕು, ಸಾಮಾನ್ಯವಾಗಿ ಶೇಕಡಾ 50 ಅಂಕ ಇರಬೇಕು, ಮೀಸಲಾತಿಯವರಿಗೆ ಸಡಿಲಿಕೆಯುಂಟು. ನಿಯಮ ಓದಿದರೆ ಪಿ.ಯು.ಸಿ.ಯ ನಾಲ್ಕನೆಯ ವಿಷಯದ ಹೆಸರೇ ಅಲ್ಲಿಲ್ಲ. ಹಲವರು ಮೋಸ ಹೋಗುವುದು ಇಲ್ಲಿಯೇ. ಬಾಗಿಲಿನ ಮೇಲೆ ಬರೆಯದಿದ್ದರೂ ಹೊಸ್ತಿಲಲ್ಲಿ ಗಣಿತ ಕೂತಿರುತ್ತದೆ. ಐ.ಐ.ಎಂ.ಗಳಿಗೆ ಬರೆಯುವ ಕ್ಯಾಟ್ ಪರೀಕ್ಷೆಯ ಮೂರು ಭಾಗಗಳಲ್ಲಿ ಒಂದು ಪೂರ್ತಿ ಲೆಕ್ಕ, ಇನ್ನೊಂದು ಅಂಕಿಅಂಶಗಳ ವಿಶ್ಲೇಷಣೆ ಮತ್ತು ತರ್ಕ, ಉಳಿದದ್ದು ಇಂಗ್ಲಿಷ್. ಪಿ.ಯು.ಸಿ. ಮುಗಿಸಿದೊಡನೆ ಸೇರುವಂತೆ ಇಂದೋರಿನ ಐ.ಐ.ಎಂ. 2011ರಲ್ಲಿ ಆರಂಭಿಸಿದ ಐದು ವರ್ಷಗಳ ಕೋರ್ಸಿನ ಪರೀಕ್ಷೆಯಲ್ಲೂ ಲೆಕ್ಕವೇ ಹಿರಿಯಣ್ಣ. ಮನಸ್ಸು ಬದಲಾಗಿ ಸಿ.ಎ. ಕಡೆಗೆ ತಿರುಗಿದರೆ ಅದರ ಫೌಂಡೇಷನ್ ಹಂತದ ನಾಲ್ಕು ಪತ್ರಿಕೆಗಳಲ್ಲಿ ಒಂದರಲ್ಲಿ ವ್ಯವಹಾರ ಗಣಿತ, ತರ್ಕ, ಸಂಖ್ಯಾಶಾಸ್ತ್ರ ಮೂರೂ ಸೇರಿವೆ.

ಇನ್ನೊಂದು ಸಂಗತಿಯೂ ಉಂಟು, ನನಗೇ ತಡವಾಗಿ ಗೊತ್ತಾದದ್ದು. ಬೆಂಗಳೂರಿನ ಐ.ಐ.ಎಂ. ಅಭ್ಯರ್ಥಿಗಳನ್ನು ಆರಿಸುವಾಗ ಪ್ರವೇಶ ಪರೀಕ್ಷೆಯ ಜೊತೆಗೆ ಹತ್ತನೆಯ ತರಗತಿ, ಹನ್ನೆರಡನೆಯ ತರಗತಿ, ಪದವಿ ಈ ಮೂರರ ಅಂಕಗಳನ್ನೂ ತೂಗುತ್ತದೆ. ಪದವಿಯ ಅಂಕವೆಂದರೆ ಕೊನೆಯ ವರ್ಷದ್ದಷ್ಟೇ ಅಲ್ಲ; ಮೊದಲ ಸೆಮಿಸ್ಟರಿನಲ್ಲಿ ಹೊಸ ಗೆಳೆಯರ ಜೊತೆ ತಿರುಗಾಡಿ ಕಳೆದುಕೊಂಡದ್ದೂ ಲೆಕ್ಕಕ್ಕೆ ಬರುತ್ತದೆ. "ಮೊದಲ ವರ್ಷ ಹೇಗಾದರೂ ಆಗಲಿ, ಕೊನೆಗೆ ಓದಿದರಾಯಿತು" ಎನ್ನುವ ನಮ್ಮ ಕಡೆಯ ಜಾಣ್ಮೆ ಇಲ್ಲಿ ನಡೆಯುವುದಿಲ್ಲ.

ಹಾಳೆಯ ಬುಡಕ್ಕೆ ಬರುವ ಹೊತ್ತಿಗೆ ಸಂಖ್ಯಾಶಾಸ್ತ್ರವೆಂದು ತೀರ್ಮಾನವಾಗಿತ್ತು. ತೊಡಕು ಬೇರೆಯೇ ಇತ್ತು. ಅವರು ವಿಚಾರಿಸಿದ್ದ ಊರಿನ ಕಾಲೇಜಿನಲ್ಲಿ ಆ ವರ್ಷ ಇತಿಹಾಸವಿದ್ದ ಕಾಂಬಿನೇಷನ್ ಮಾತ್ರ ಇತ್ತು. ಸಂಖ್ಯಾಶಾಸ್ತ್ರ ಬೇಕೆಂದರೆ ಗದಗಿಗೆ ಹೋಗಬೇಕು. ನರೇಗಲ್ ಮೇಲಿಂದ ದಿನವೂ ಬಸ್ಸಿನ ಪ್ರಯಾಣ, ಬೆಳಗಿನ ಜಾವ ಹೊರಟರೆ ದೀಪ ಹಚ್ಚುವ ಹೊತ್ತಿಗೆ ಮನೆ. ಹುಡುಗಿ ಹೋದರೆ ಮಗ್ಗದ ಕಂಡಿಕೆ ಸುತ್ತುವವರು ಯಾರು? ತಂದೆ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಅಷ್ಟು ದೂರ ಕಳಿಸಿ, ಆ ವಿಷಯದಾಗ ನಪಾಸಾದರ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ನರಗುಂದದ ಹುಡುಗನ ಕಥೆಯನ್ನು ಇದ್ದಂತೆ ಹೇಳಿದೆ, ಸಲಹೆ ಕೊಟ್ಟವನು ನಾನೇ ಎಂಬುದನ್ನೂ ಸೇರಿಸಿ. ಅದನ್ನು ಕೇಳಿ ಅವರಿಗೆ ನನ್ನ ಮೇಲಿನ ನಂಬಿಕೆ ಹೆಚ್ಚಿತೋ ಕಡಿಮೆಯಾಯಿತೋ ಇಂದಿಗೂ ತಿಳಿಯದು. ಮಗಳನ್ನು ಗದಗಿಗೆ ಮಾತ್ರ ಕಳಿಸಿದರು.

ಮೊದಲ ಕಿರುಪರೀಕ್ಷೆಯಲ್ಲಿ ಅವಳು ಸಂಖ್ಯಾಶಾಸ್ತ್ರದಲ್ಲಿ ನಪಾಸಾದಳು!

ಆ ಸುದ್ದಿ ಬಂದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಒಮ್ಮೆ ಗಣಿತ ಬೇಡವೆಂದು ಒಬ್ಬನನ್ನು ಕೆಡಿಸಿದೆ, ಈಗ ಬೇಕೆಂದು ಇನ್ನೊಬ್ಬಳನ್ನು ಕೆಡಿಸಿದೆನೇ ಎಂಬ ಯೋಚನೆ. ಮುಂದಿನ ಭಾನುವಾರದಿಂದ ಅವಳು ರೋಣಕ್ಕೆ ಬರತೊಡಗಿದಳು. ವಿಚಾರಿಸಿದಾಗ ತಿಳಿದದ್ದೇನೆಂದರೆ ಅವಳಿಗೆ ಲೆಕ್ಕ ಬಾರದಿರಲಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದವಳಿಗೆ ಪ್ರಶ್ನೆಯ ಇಂಗ್ಲಿಷೇ ಅರ್ಥವಾಗಿರಲಿಲ್ಲ. ಮೀನ್, ಮೀಡಿಯನ್ ಎಂಬ ಪದಗಳನ್ನು ಮಂತ್ರದಂತೆ ಬಾಯಿಪಾಠ ಮಾಡಿದ್ದಳು. ಪುಸ್ತಕ ಮುಚ್ಚಿಸಿ, ಅಪ್ಪನ ಐದು ವಾರಗಳ ಕೂಲಿ ಬರೆ ಎಂದೆ. 2,400, 2,500, 2,300, 2,600 ಎಂದು ಬರೆದು, ಐದನೆಯ ವಾರ ಹುರಿ ಬಾರದೆ ಮಗ್ಗ ನಿಂತದ್ದರಿಂದ ಸೊನ್ನೆ ಹಾಕಿದಳು. ಸರಾಸರಿ 1,960 ಬಂತು. ಏರಿಕೆಯ ಕ್ರಮದಲ್ಲಿ ಜೋಡಿಸಿ ನಡುವಿನದನ್ನು ನೋಡಿದರೆ 2,400. ಯಾವುದು ಸರಿ ಎಂದು ಕೇಳಿದೆ. ಸ್ವಲ್ಪ ಹೊತ್ತು ನೋಡಿ, "ಸಾಹುಕಾರ ಮಾತಾಡುವಾಗ 2,400 ಅಂತಾನ್ರಿ, ಅವ್ವ ಸಂತಿ ಮಾಡುವಾಗ 1,960 ರೀ" ಎಂದಳು. ಮಧ್ಯಮಾಂಕ ಮತ್ತು ಸರಾಸರಿಯ ವ್ಯತ್ಯಾಸವನ್ನು ನಾನು ಅಷ್ಟು ಸ್ಪಷ್ಟವಾಗಿ ಎಂದೂ ಕಲಿಸಿರಲಿಲ್ಲ.

(ವ್ಯವಹಾರ ವಿದ್ಯೆ ಎಂದರೆ ಬೆಂಗಳೂರು, ಅಹಮದಾಬಾದುಗಳ ಸೊತ್ತು ಎಂದುಕೊಳ್ಳುವ ಮಕ್ಕಳಿಗೆ ನಾನು ಕಣಗಿನಹಾಳದ ಹೆಸರು ಹೇಳುತ್ತೇನೆ. ಗದಗಿನ ಬಗಲಿನ ಆ ಹಳ್ಳಿಯಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿಯೇ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ್ದರು. ಸಾಲ, ಬಡ್ಡಿ, ಭರವಸೆ ಇವುಗಳ ಲೆಕ್ಕವನ್ನು ಅವರು ಯಾವ ಕಾಲೇಜಿನಲ್ಲಿ ಕಲಿತರೋ!)

ಭಾನುವಾರಗಳು ಒಂದೂವರೆ ವರ್ಷ ನಡೆದವು. 2024ರ ದ್ವಿತೀಯ ಪಿ.ಯು.ಸಿ. ಪರೀಕ್ಷೆಯಲ್ಲಿ ಅವಳಿಗೆ ಸಂಖ್ಯಾಶಾಸ್ತ್ರದಲ್ಲಿ 96 ಬಂತು. ಅರ್ಥಶಾಸ್ತ್ರದಲ್ಲಿ ಅದಕ್ಕಿಂತ ಕಡಿಮೆ! ಅಂಕ ಏರುತ್ತದೆಂದು ಲೆಕ್ಕ ಬಿಡಿಸುವ ನನ್ನ ಹಳೆಯ ಉಪದೇಶಕ್ಕೆ ಅಂಕದ ಆಧಾರವೂ ಇರಲಿಲ್ಲವೆಂದಾಯಿತು. ಅರ್ಥಮಾಡಿಕೊಂಡು ಬಿಡಿಸಿದ ಲೆಕ್ಕಕ್ಕೆ ಪೂರ್ತಿ ಅಂಕ ಸಿಗುತ್ತದೆ, ಪ್ರಬಂಧಕ್ಕೆ ಹಾಗೆ ಸಿಗುವುದು ಅಪರೂಪ. ಇಷ್ಟು ಸರಳ ಸಂಗತಿ 1998ರಲ್ಲಿ ನನಗೆ ಏಕೆ ಹೊಳೆಯಲಿಲ್ಲ?

ಪದವಿಯ ಆಯ್ಕೆಯ ಹೊತ್ತಿಗೆ ಮತ್ತೊಂದು ಗೊಂದಲ. 2021ರಲ್ಲಿ ರಾಜ್ಯಕ್ಕೆ ಬಂದ ನಾಲ್ಕು ವರ್ಷಗಳ ಪದವಿಯ ಏರ್ಪಾಡನ್ನು ಕೈಬಿಟ್ಟು, 2024-25ರಿಂದ ಮತ್ತೆ ಮೂರು ವರ್ಷಕ್ಕೆ ಮರಳಿದ್ದರು. ಬಿ.ಬಿ.ಎ. ಅದೇ ವರ್ಷ ಎ.ಐ.ಸಿ.ಟಿ.ಇ.ಯ ವ್ಯಾಪ್ತಿಗೆ ಬಂತು. ಬಿ.ಬಿ.ಎ.ಯೋ ಬಿ.ಕಾಂ.ಓ ಎಂದು ತಂದೆ ಕೇಳಿದಾಗ, ಹೆಸರಿನಲ್ಲಿ ಬಿಸಿನೆಸ್ ಇರುವುದೇ ಮೇಲೆಂದು ನಾನು ಹೇಳಲಿಲ್ಲ. ಎರಡರಿಂದಲೂ ಎಂ.ಬಿ.ಎ.ಗೆ ದಾರಿಯುಂಟು, ಸಿ.ಎ., ಬ್ಯಾಂಕು, ಲೆಕ್ಕಪತ್ರದ ಕೆಲಸಗಳನ್ನೂ ಕಣ್ಣಿನಲ್ಲಿಟ್ಟುಕೊಂಡರೆ ಬಿ.ಕಾಂ.ನ ತಳಪಾಯ ಗಟ್ಟಿ ಎಂಬುದು ನನ್ನ ಅನಿಸಿಕೆ. ಶುಲ್ಕವೂ ಕಡಿಮೆ. ಅವಳು ಹುಬ್ಬಳ್ಳಿಯಲ್ಲಿ ಬಿ.ಕಾಂ. ಸೇರಿದಳು. ಮೊದಲ ಸೆಮಿಸ್ಟರಿನ ಅಂಕಪಟ್ಟಿಯನ್ನು ಮೊಬೈಲಿನಲ್ಲಿ ಕಳಿಸಿ, ಕೆಳಗೆ "ಇದೂ ಲೆಕ್ಕಕ್ಕೆ ಬರತೈತಿ ಅಂದಿದ್ರಿ" ಎಂದು ಬರೆದಿದ್ದಳು. ಎಂ.ಬಿ.ಎ. ಸೀಟು ಸಿಗುತ್ತದೆಯೋ ಇಲ್ಲವೋ, ಸಾಲ ಮಾಡದೆ ಓದಿಸಲಾದೀತೋ ಇಲ್ಲವೋ, ಅವೆಲ್ಲ ಇನ್ನೂ ಮುಂದಿನ ಮಾತು. ರಜೆಗೆ ಊರಿಗೆ ಬಂದಾಗ ಅಪ್ಪನ ಎರಡು ಮಗ್ಗಗಳ ಲೆಕ್ಕವನ್ನು ಅವಳೇ ಬರೆಯುತ್ತಾಳೆ. ಸೀರೆಯ ಬೆಲೆಯಲ್ಲಿ ನಡುವಿನದು ಎಲ್ಲಿ ಹೋಗುತ್ತದೆ ಎಂಬುದು ಅರ್ಧ ತಿಳಿದಿದೆಯಂತೆ.

ಮೊನ್ನೆ ನರಗುಂದದಿಂದ ಫೋನ್ ಬಂತು. ಗೊಬ್ಬರದ ಅಂಗಡಿಯವನು. ಅವನ ಮಗನೇ ಈಗ ಹತ್ತನೆಯ ತರಗತಿ, ಮಗನಿಗೂ ವಾಣಿಜ್ಯವೇ ಬೇಕಂತೆ. "ಈ ಸಲ ಏನು ಹೇಳ್ತೀರಿ ಸರ್?" ಎಂದು ನಕ್ಕ. ನನಗೆ ಕೂಡಲೇ ನಗು ಬರಲಿಲ್ಲ. ಹುಡುಗನನ್ನು ಭಾನುವಾರ ಕರೆದುಕೊಂಡು ಬಾ, ಏನಾಗಬೇಕೆಂದು ಮೊದಲು ಅವನನ್ನೇ ಕೇಳೋಣ, ಬರುವಾಗ ಗಣಿತದ ನೋಟುಬುಕ್ಕನ್ನು ಮರೆಯದೆ ತರಲಿ ಎಂದಿದ್ದೇನೆ.